ಬಾಗಿನ ಹಿಡಿದು ರಸ್ತೆ ದಾಟಿದ್ದು

ದೆವ್ವ, ಭೂತ, ಮೈಮೇಲೆ ಬರುವುದು, ಕನಸಿನಲ್ಲಿ ಸೂಚನೆ ಸಿಗುವುದು, ಇವೊಂದನ್ನೂ ನಾನು ನಂಬಿದವಳಲ್ಲ. ದೊಡ್ಡಬಳ್ಳಾಪುರದ ಸುತ್ತಮುತ್ತಲಿನ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹುಣಸೆಮರದಲ್ಲಿ ಏನೋ ಇದೆಯೆಂದು ಮಕ್ಕಳು ಹೆದರಿದರೆ ಅದೇ ಮರದಡಿ ಕೂರಿಸಿ ಪಾಠ ಮಾಡುತ್ತಿದ್ದೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಹಿಂದಿನ ರಾತ್ರಿ ಏನು ತಿಂದಿದ್ದಿರಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ದೆವ್ವಕ್ಕೆ ಹೆದರದ ನಾನು ಹೆದರುತ್ತಿದ್ದುದು ರಸ್ತೆಗೆ. ನಮ್ಮೂರಿನ ನಡುವೆ ಹಾದುಹೋಗಿದ್ದ ಹಳೆಯ ರಸ್ತೆಯನ್ನು ಕೆಲವು ವರ್ಷಗಳ ಹಿಂದೆ ಅಗಲ ಮಾಡಿದರು. ಎಮ್ಮೆಗಳು ಮಲಗಿ ಮೆಲುಕು ಹಾಕುತ್ತಿದ್ದ ಜಾಗದಲ್ಲಿ ಈಗ ಲಾರಿಗಳು, ವಿಮಾನ ನಿಲ್ದಾಣದ ಟ್ಯಾಕ್ಸಿಗಳು ಎಡೆಬಿಡದೆ ಓಡುತ್ತವೆ. ಒಂದು ದಿನ ನನ್ನ ಕಣ್ಣೆದುರೇ, ಡೈರಿಗೆ ಹಾಲು ಒಯ್ಯುತ್ತಿದ್ದ ನೆರೆಮನೆಯಾಕೆಗೆ ಕಾರು ಗುದ್ದಿತು. ಪುಣ್ಯಕ್ಕೆ ಆಕೆ ಉಳಿದಳು. ಆದರೆ ಹಾಲಿನ ಕ್ಯಾನು ಉರುಳಿಕೊಂಡು ಹೋದ ಸದ್ದು ನನ್ನ ತಲೆಯಿಂದ ಹೋಗಲಿಲ್ಲ. ಅಂದಿನಿಂದ ರಸ್ತೆಯ ಅಂಚಿಗೆ ಬಂದರೆ ಸಾಕು, ಕಾಲು ಮರಗಟ್ಟುತ್ತಿತ್ತು. ಒಮ್ಮೆ ನಮ್ಮ ಯಜಮಾನರು ಕೈ ಹಿಡಿದು ದಾಟಿಸಲು ನೋಡಿದರು. ನಡುರಸ್ತೆಯಲ್ಲಿ ನಾನು ಕಂಬದಂತೆ ನಿಂತುಬಿಟ್ಟೆ.

"ನಿನ್ನ ಸಹವಾಸ ಸಾಕು ಕಣೆ. ಒಂದಿನ ಇಬ್ರೂ ಜೊತೇಲೇ ಹೋಗ್ಬಿಡ್ತೀವಿ," ಎಂದು ಅವರು ಕೈಮುಗಿದರು. ಸುತ್ತಿ ಹೋಗಲು ದೂರದಲ್ಲೊಂದು ಅಂಡರ್‌ಪಾಸ್ ಇದೆ, ನನ್ನ ವಯಸ್ಸಿಗೆ ನಡೆದು ಹೋಗುವಷ್ಟು ಹತ್ತಿರವಲ್ಲ. ಮಳೆಗಾಲದಲ್ಲಿ ಅದು ಕೆರೆ. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ ದಾಟಿ ಎಂದು ಎಷ್ಟೋ ಮಕ್ಕಳಿಗೆ ಕಲಿಸಿದವಳ ಕಥೆ ಇದು.

ಇದರಿಂದ ನಾನು ಕಳೆದುಕೊಂಡಿದ್ದು ನನ್ನ ಅಕ್ಕನನ್ನು. ಅಕ್ಕನನ್ನೂ ನನ್ನನ್ನೂ ಒಂದೇ ಊರಿಗೆ ಕೊಟ್ಟಿದ್ದರು. ಅವಳ ಮನೆ ರಸ್ತೆಯ ಆಚೆ, ನನ್ನದು ಈಚೆ. ಮೊದಮೊದಲು ಸಂಜೆ ಅವಳು ಆ ಅಂಚಿಗೆ, ನಾನು ಈ ಅಂಚಿಗೆ ಬಂದು ನಿಂತು, ಮುಖ ನೋಡಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದೆವು. ಆಮೇಲೆ ಅವಳಿಗೆ ಮೊಣಕಾಲಿನ ಆಪರೇಷನ್ ಆಯಿತು. ಅವಳು ಹೊಸ್ತಿಲು ದಾಟುವಂತಿಲ್ಲ, ನಾನು ರಸ್ತೆ ದಾಟುವಂತಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರವಿದ್ದೂ ತಿಂಗಳುಗಟ್ಟಲೆ ಅವಳ ಮುಖ ನೋಡಿರಲಿಲ್ಲ.

ಅಷ್ಟರಲ್ಲಿ ಗೌರಿಹಬ್ಬ ಬಂತು. ಅಮ್ಮ ತೀರಿಕೊಂಡ ಮೇಲೆ ಅಮ್ಮನಿಗೆ ಕೊಡಬೇಕಾದ ಬಾಗಿನವನ್ನು ನಾನು ಅಕ್ಕನಿಗೆ ಕೊಡುತ್ತಿದ್ದೆ. ಮೊರದ ಬಾಗಿನವೆಂದರೆ ನಿಮಗೆ ಗೊತ್ತಲ್ಲ, ಸೆರಗು ಮುಚ್ಚಿ ಕೈಯಿಂದ ಕೈಗೇ ಕೊಡಬೇಕು. ಹಿಂದಿನ ವರ್ಷ ನಾನು ಅದನ್ನು ಬೇರೆಯವರ ಕೈಲಿ ಕಳಿಸಿದ್ದೆ. ಈ ಸಲ ಅಕ್ಕ ಹಬ್ಬದ ಬೆಳಿಗ್ಗೆಯೇ ಫೋನ್ ಮಾಡಿದಳು.

"ನೋಡು, ಯಾರ್ ಕೈಲೋ ಕಳ್ಸೋ ಬಾಗ್ನ ನಂಗೆ ಬ್ಯಾಡ. ನೀನೇ ತರಂಗಿದ್ರೆ ತಾ. ಇಲ್ದಿದ್ರೆ ನಂಗೆ ತಂಗಿ ಇಲ್ಲ ಅಂದ್ಕೊಂತೀನಿ."

ನಾನು ಅತ್ತುಬಿಟ್ಟೆ. ಯಜಮಾನರು ಊರಿನಲ್ಲಿರಲಿಲ್ಲ. ಏನಾದರಾಗಲಿ ಎಂದು ಎರಡು ಮೊರಗಳನ್ನು ಒಂದರ ಮೇಲೊಂದು ಮುಚ್ಚಿ ಕಟ್ಟಿ, ಸೆರಗು ಹೊದಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟೆ. ರಸ್ತೆಯ ಅಂಚಿನವರೆಗೆ ಬಂದಾಗ ಹಳೆಯ ಭಯ ಮರಳಿ ಬಂತು. ಲಾರಿಯ ಹಿಂದೆ ಲಾರಿ. ವಾಪಸ್ ಹೋಗೋಣವೆನ್ನಿಸಿತು. ಕಣ್ಣು ಮುಚ್ಚಿಕೊಂಡು ನಿಂತೆ.

ಆಗ ಸದ್ದು ನಿಂತಿತು.

ಕಣ್ಣು ತೆರೆದರೆ ರಸ್ತೆ ಖಾಲಿ. ಆ ಕಡೆಯಿಂದಲೂ ಇಲ್ಲ, ಈ ಕಡೆಯಿಂದಲೂ ಇಲ್ಲ. ಬಂದ್ ಇದ್ದ ದಿನವೂ ನಮ್ಮ ರಸ್ತೆ ಹಾಗೆ ಖಾಲಿಯಾಗಿದ್ದನ್ನು ನಾನು ಕಂಡಿಲ್ಲ. ಪಕ್ಕದ ಹೊಲದ ರಾಗಿ ಪೈರಿನಲ್ಲಿ ಗಾಳಿ ಆಡುವುದು ಕೇಳಿಸುತ್ತಿತ್ತು. ನಾನು ನಡೆದೆ. ಆತುರಪಡಲೂ ಇಲ್ಲ. ನಡುವಿನ ಡಿವೈಡರ್ ಒಡೆದ ಜಾಗದಲ್ಲಿ ಯಾರದೋ ಒಂಟಿ ಚಪ್ಪಲಿ ಬಿದ್ದಿತ್ತು, ಅದನ್ನೂ ನೋಡಿಕೊಂಡು, ನನ್ನ ಮನೆಯ ಅಂಗಳ ದಾಟುವ ಹಾಗೆ ಆ ಅಂಚು ಸೇರಿದೆ. ಹಿಂತಿರುಗಿ ನೋಡದೆ ನೇರ ಅಕ್ಕನ ಮನೆಗೆ ಹೋದೆ.

ಅಕ್ಕ ಮಂಚದಿಂದ ಏಳಲು ಹೋಗಿ, ಏಳಲಾಗದೆ, ಅಲ್ಲಿಂದಲೇ ಸೆರಗು ಒಡ್ಡಿದಳು. ಬಾಗಿನವನ್ನು ಅವಳ ಕೈಗೇ ಕೊಟ್ಟೆ. "ಬಂದೇಬಿಟ್ಯಲ್ಲೇ ಮುಂಡೇದೇ!" ಎಂದು ಬೈದು, ನನ್ನ ಕೆನ್ನೆ ಹಿಡಿದು ಅತ್ತಳು. ಅಷ್ಟು ಸಂತೋಷದ ಊಟವನ್ನು ನಾನು ಈಚೆಗೆ ಉಂಡಿರಲಿಲ್ಲ.

ಮಧ್ಯಾಹ್ನ ಅಕ್ಕ ಕೊಟ್ಟ ಒಬ್ಬಟ್ಟಿನ ಚೀಲ ಹಿಡಿದು ಮತ್ತೆ ರಸ್ತೆಗೆ ಬಂದೆ. ಆ ಅಂಚಿನಲ್ಲಿ ಮುನಿರಾಜು ಟೀ ಅಂಗಡಿ ಇಟ್ಟುಕೊಂಡಿದ್ದಾನೆ. ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೇ ತಲೆ ನರೆತಿದೆ. ನನ್ನನ್ನು ಕಂಡಕೂಡಲೇ ಎದ್ದು ಬಂದ.

"ಏನ್ ಮೇಡಂ, ಬೆಳಿಗ್ಗೆ ಹಂಗಾ ದಾಟೋದು? ಜೀವಾನೇ ಹೋಗ್ಬಿಟ್ಟಿತ್ತು ನಂದು."

"ಯಾಕಪ್ಪ? ರಸ್ತೆ ಖಾಲಿ ಇತ್ತಲ್ಲ."

ಅವನು ನನ್ನ ಮುಖವನ್ನೇ ನೋಡಿದ. "ಎಲ್ಲಿ ಖಾಲಿ ಇತ್ತು ಮೇಡಂ? ಹಬ್ಬದ ಟ್ರಾಫಿಕ್ಕು. ಅಷ್ಟು ಗಾಡಿ ಮಧ್ಯೆ ತಲೆ ಎತ್ಕೊಂಡು ನಡ್ಕೊಂಡ್ ಬಂದ್ರಿ. ನಾನ್ ಎಷ್ಟ್ ಕೂಗ್ದೆ! ಒಂದ್ ಲಾರಿಯೋನು ಬ್ರೇಕ್ ಹೊಡ್ದಿದ್ದು ಅಲ್ಲೇ ಐತೆ, ನೋಡಿ."

ಡಾಂಬರಿನ ಮೇಲೆ ಟೈರು ಉಜ್ಜಿದ ಕಪ್ಪು ಗೆರೆ ಹೊಸದಾಗಿಯೇ ಇತ್ತು. ಅದು ನಿಂತಿದ್ದ ಜಾಗ ನಾನು ದಾಟಿದ ಜಾಗಕ್ಕೆ ಒಂದು ಮಾರು ದೂರವೂ ಇರಲಿಲ್ಲ. ಬೆಂಚಿನ ಮೇಲಿದ್ದ ಇನ್ನಿಬ್ಬರೂ ಹೌದೆಂದು ತಲೆಯಾಡಿಸಿದರು.

ನನಗೆ ಬೆವರು ಕಿತ್ತುಕೊಂಡು ಬಂತು. ಎದುರಿಗೆ ಅದೇ ರಸ್ತೆ, ಅದೇ ಲಾರಿಗಳು, ಈಗ ಕಿವಿಗಡಚಿಕ್ಕುವಷ್ಟು ಸದ್ದು. ಮುನಿರಾಜು ಕೈ ಚಾಚಿ, "ಬನ್ನಿ, ನಾನ್ ದಾಟಿಸ್ತೀನಿ," ಎಂದ.

ಬೇಡವೆಂದೆ. ಯಾಕೆಂದೆನೋ ಗೊತ್ತಿಲ್ಲ. ಇವತ್ತು ಇವನ ಕೈ ಹಿಡಿದರೆ ನಾಳೆ ಅಕ್ಕನನ್ನು ನೋಡಲು ಇನ್ನೊಬ್ಬರ ಕೈಗೆ ಕಾಯಬೇಕು ಎನ್ನುವುದಷ್ಟೇ ತಲೆಯಲ್ಲಿತ್ತು. ಭಯವೇನೂ ಹೋಗಿರಲಿಲ್ಲ. ಕಣ್ಣು ಮಾತ್ರ ಮುಚ್ಚಲಿಲ್ಲ. ಬಲಕ್ಕೆ ನೋಡಿದೆ, ಒಂದು ಟ್ಯಾಂಕರಿಗೆ ದಾರಿ ಬಿಟ್ಟೆ, ಕಾರು ದೂರವಿರುವಾಗಲೇ ಬಲಗೈ ಎತ್ತಿ ಕಾಲಿಟ್ಟೆ. ಕಾರು ನಿಧಾನವಾಯಿತು. ಡಿವೈಡರ್‌ನಲ್ಲಿ ನಿಂತು ಉಸಿರು ತೆಗೆದುಕೊಂಡೆ. ಮತ್ತೆ ಕೈ ಎತ್ತಿದೆ. ನಮ್ಮ ಬದಿಗೆ ಕಾಲಿಟ್ಟಾಗ ಹಿಂದಿನಿಂದ ಮುನಿರಾಜು ಸಿಳ್ಳೆ ಹೊಡೆದ. ಶಾಲೆಯಲ್ಲಿ ಅದಕ್ಕಾಗಿ ಅವನಿಗೆ ಎಷ್ಟು ಸಲ ಬೈದಿದ್ದೆನೋ!

ಈಗ ದಿನ ಬಿಟ್ಟು ದಿನ ಅಕ್ಕನ ಮನೆಗೆ ಹೋಗುತ್ತೇನೆ. "ಗೌರಮ್ಮನೇ ದಾಟ್ಸಿದ್ಲು ಕಣೆ," ಎನ್ನುತ್ತಾಳೆ ಅವಳು. ಭಯ ಹೆಚ್ಚಾದಾಗ ಮನಸ್ಸು ಕಿವಿಯನ್ನೂ ಕಣ್ಣನ್ನೂ ಮುಚ್ಚಿಬಿಡುತ್ತದೆ ಎನ್ನುತ್ತಾರೆ ಯಜಮಾನರು. ಇರಬಹುದು. ಆದರೆ ಕಣ್ಣು ಮುಚ್ಚಿದವಳಿಗೆ ಆ ಒಂಟಿ ಚಪ್ಪಲಿ ಹೇಗೆ ಕಂಡಿತು, ರಾಗಿ ಪೈರಿನ ಗಾಳಿ ಹೇಗೆ ಕೇಳಿಸಿತು? ಆ ಬೆಳಿಗ್ಗೆ ಬಾಗಿನ ಹಿಡಿದು ಆಚೆಗೆ ದಾಟಿದವಳು ಯಾರೋ, ದಾಟಿಸಿದ್ದು ಏನೋ, ನನಗೆ ಇಂದಿಗೂ ತಿಳಿಯದು. ಆದರೆ ಮಧ್ಯಾಹ್ನ ಈಚೆಗೆ ದಾಟಿ ಬಂದವಳು ಮಾತ್ರ ನಾನೇ.