ದೀಪ ಹಚ್ಚುವುದರೊಳಗೆ

ಎಂಟನೇ ಇಯತ್ತೆಗೆ ಕಾಗವಾಡದ ಹೈಸ್ಕೂಲಿಗೇ ಹೋಗುತ್ತೇನೆಂದು ಊಟ ಬಿಟ್ಟು ಹಟ ಹಿಡಿದಾಗ ಅಪ್ಪ ಒಂದೇ ಒಂದು ಕರಾರು ಹಾಕಿದ.

"ಹೋಗು. ಆದ್ರ ಅವ್ವ ಸಂಜಿ ದೀಪಾ ಹಚ್ಚೂದರೊಳಗ ನೀ ಮನ್ಯಾಗ ಇರಬೇಕು. ಒಂದ ದಿನಾ ತಡಾ ಆತಂದ್ರ, ಮರುದಿನದಿಂದ ಸಾಲಿ ಬಂದ್."

ಎಂಬತ್ತರ ದಶಕದ ಮಾತು. ನಮ್ಮದು ಊರ ಹೊರಗೆ ಕಬ್ಬಿನ ನಡುವಿನ ತೋಟದ ಮನೆ. ಶಾಲೆಯಿಂದ ಒಂದು ಹರದಾರಿ ಬಂಡಿದಾರಿ. ಐದೂವರೆಗೆ ಶಾಲೆ ಬಿಟ್ಟರೆ ನಡೆದು ಮುಟ್ಟಲು ಒಂದು ತಾಸು ಬೇಕು. ಜೂನಿನಲ್ಲಿ ಹೊತ್ತು ಮುಳುಗುವುದೇ ಏಳು ದಾಟಿದ ಮೇಲೆ. ಇಷ್ಟೇನಾ ಎಂದು ಬೀಗಿದೆ. ಸೂರ್ಯನೂ ಅಪ್ಪನ ಕಡೆಯವನೇ ಎಂಬುದು ಆಗ ಗೊತ್ತಿರಲಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ನಾನು ಅಂಗಳಕ್ಕೆ ಕಾಲಿಡುವಾಗ ಅವ್ವನ ಕೈಯಲ್ಲಿ ಆಗಲೇ ಕಡ್ಡಿಪೆಟ್ಟಿಗೆ ಇರುತ್ತಿತ್ತು. ಒಂದು ದಿನ ಶಾಲೆಯ ಗೇಟಿನಿಂದಲೇ ಓಟ ಕಿತ್ತೆ. ದ್ರಾಕ್ಷಿ ತೋಟದ ಬೇಲಿ ಮುಟ್ಟುವುದರೊಳಗೆ ಪಕ್ಕೆ ಹಿಡಿದು ಬದುವಿನ ಮೇಲೆ ಕುಸಿದೆ. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನಕ್ಕಳು.

"ಯಾಕವಾ, ನಾಯಿ ಬೆನ್ನ ಹತ್ತ್ಯಾವೇನ?"

ಮೈಯೆಲ್ಲ ಉರಿಯಿತು. ಮರುದಿನ ತೊಡೆ ಎತ್ತಲಾಗದೆ ಕುಂಟುತ್ತ ಬಂದೆ. ಅಂದು ಕೂದಲೆಳೆಯಲ್ಲಿ ಉಳಿದುಕೊಂಡೆ.

ಆಮೇಲೆ ಬುದ್ಧಿ ಬಂತು. ಬೇವಿನ ಮರದವರೆಗೆ ಓಟ, ಹಾಳುಬಾವಿಯವರೆಗೆ ನಡಿಗೆ, ಮತ್ತೆ ಓಟ. ಓಡುತ್ತಲೇ ಮಗ್ಗಿ ಹೇಳುವುದು. ಮಗ್ಗಿ ನಡುವೆ ತುಂಡಾದರೆ ಓಟ ಜೋರಾಯಿತೆಂದು ಅರ್ಥ, ಕಾಲು ನಿಧಾನ ಮಾಡುವುದು. ಹೊತ್ತು ದಿನದಿನಕ್ಕೆ ತುಸುತುಸುವೇ ಮುಂಚೆ ಮುಳುಗುತ್ತಿತ್ತು. ನಾನೂ ತುಸುತುಸುವೇ ಓಟ ಹೆಚ್ಚಿಸಿ ನಡಿಗೆ ಕಡಿಮೆ ಮಾಡಿದೆ. ಚಪ್ಪಲಿ ಪಾಟಿಚೀಲದೊಳಗೆ, ಲಂಗದ ತುದಿ ಸೊಂಟಕ್ಕೆ. ರವಿವಾರ ನನ್ನ ಕಾಲಿಗೆ ಕುಸುಬೆ ಎಣ್ಣೆ ತಿಕ್ಕುತ್ತ ಅವ್ವ, "ಹನಿ ಹನಿ ಕೂಡಿದ್ರ ಹಳ್ಳ ಬೇ" ಎನ್ನುತ್ತಿದ್ದಳು.

ದಸರೆ ಮುಗಿದ ಮೇಲೆ ಒಂದು ಸಂಜೆ ಹಾಳುಬಾವಿ ಹಿಂದೆ ಬಿದ್ದದ್ದೇ ತಿಳಿಯಲಿಲ್ಲ. ಹದಿಮೂರರ ಮಗ್ಗಿ ಮುಗಿದು ಹದಿನಾಲ್ಕರದು ನಡೆದಿತ್ತು. ಉಸಿರು ತನ್ನ ಪಾಡಿಗೆ ತಾನು ಬರುತ್ತಿತ್ತು, ಹೋಗುತ್ತಿತ್ತು. ಅಬ್ಬಬ್ಬಾ! ಇವು ನನ್ನ ಕಾಲುಗಳೇ? ಬದುವಿನ ಮೇಲೆ ಬಿದ್ದು ನಗಿಸಿದ್ದ ಅವೇ ಕಾಲುಗಳೇ? ನಿಂತು ಮುಟ್ಟಿ ನೋಡಬೇಕೆನಿಸಿತು. ನಿಂತರೆ ಎಲ್ಲಿ ಹೊರಟುಹೋಗುವುದೋ ಎಂಬ ಭಯಕ್ಕೆ ನಿಲ್ಲಲಿಲ್ಲ. ನನ್ನೊಳಗೆ ಇಂಥದ್ದೊಂದು ಇದೆಯೆಂದು ಯಾರೂ ಹೇಳಿರಲಿಲ್ಲ. ಓಡುತ್ತಲೇ ಕಣ್ಣಲ್ಲಿ ನೀರು ಬಂತು.

ದೀಪಾವಳಿ ಕಳೆದು ಕಬ್ಬು ಕಡಿಯುವ ಹಂಗಾಮು ಸುರುವಾಯಿತು. ಆರಕ್ಕೆಲ್ಲ ಹೊತ್ತು ಮುಳುಗತೊಡಗಿತು. ಒಂದು ದಿನ ದಾರಿಯಲ್ಲಿ ಕಬ್ಬಿನ ಬಂಡಿಯೊಂದು ಅಚ್ಚು ಮುರಿದು ಅಡ್ಡ ಬಿದ್ದಿತ್ತು. ಅದರ ಹಿಂದೆ ಬಂಡಿಗಳ ಸಾಲು, ಎತ್ತುಗಳ ಗದ್ದಲ, ಬೈದಾಟ. ಎರಡೂ ಬದಿಗೆ ಮುಳ್ಳುಬೇಲಿ. ಹಿಂದಕ್ಕೆ ತಿರುಗಿ ಕಾಲುವೆಯ ಏರಿ ಹಿಡಿದೆ. ಅದು ಸುತ್ತಿನ ದಾರಿ. "ಏ ಹುಡುಗಿ, ನಿಂದರ!" ಎಂದು ಯಾರೋ ಹಿಂದಿನಿಂದ ಒದರಿದರು. ನಿಲ್ಲುತ್ತೇನೆಯೇ? ಮಗ್ಗಿಗಿಗ್ಗಿ ಎಲ್ಲ ಮರೆತು, ಇದ್ದಬದ್ದ ಜೀವ ಕಾಲಿಗೆ ತಂದು ಓಡಿದೆ.

ಮನೆ ಮುಟ್ಟಿದಾಗ ದೀಪ ಉರಿಯುತ್ತಿತ್ತು.

ಹೊಸ್ತಿಲಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತೆ. ಅವ್ವ ಸೆರಗಿನಿಂದ ಮುಖ ಒರೆಸಿದಳು. ಆದರೆ ಅಪ್ಪನ ಮಾತೆಂದರೆ ಮಾತು.

ಎಷ್ಟೋ ಹೊತ್ತಿನ ಮೇಲೆ ಅಂಗಳದಲ್ಲಿ ಧಪಧಪ ಸದ್ದು. ಅಪ್ಪ! ಧೋತರ ಮೊಣಕಾಲ ಮೇಲೆ ಕಟ್ಟಿದ್ದ, ರುಮಾಲು ಕೈಯಲ್ಲಿತ್ತು. ಬಾಯಿ ತೆರೆದುಕೊಂಡು ಕಟ್ಟೆಯ ಮೇಲೆ ಕುಸಿದ. ಆ ಸಾಲಿನಲ್ಲಿ ನಮ್ಮ ಬಂಡಿಯೂ ಇತ್ತಂತೆ. ನನ್ನನ್ನು ಕಂಡು, ಎತ್ತುಗಳನ್ನು ಪಕ್ಕದವನಿಗೆ ಒಪ್ಪಿಸಿ, ಜೊತೆಯಲ್ಲಿ ಕರೆತರೋಣವೆಂದು ಬೆನ್ನು ಹತ್ತಿದ್ದನಂತೆ. ಒದರಿದ್ದು ಅವನೇ.

"ಮೊದಲ ನೀರ ಕುಡೀರಿ" ಎಂದು ಅವ್ವ ತಂಬಿಗೆ ಕೊಟ್ಟಳು.

ಗಟಗಟ ಕುಡಿದು ಅಪ್ಪ ನನ್ನ ಧೂಳುಗಾಲುಗಳನ್ನೇ ನೋಡಿದ. ಅವನು ಹಾಗೆ ಯಾವುದನ್ನೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಏರಿ ಮ್ಯಾಲ ಹ್ಯಾಂಗ ಹೊಂಟಿದ್ಲಂತಿ! ನಿಂದರ ನಿಂದರ ಅಂತ ಒದರಿದೆ. ಕಣ್ಣಿಗೂ ಸಿಗಲಿಲ್ಲ."

"ಅಪ್ಪಾ, ದೀಪಾ ಹಚ್ಚಿ ಆಗೇತಿ" ಎಂದೆ ಬಿಕ್ಕುತ್ತಲೇ.

ಅವನು ಒಳಗಿನ ದೀಪ ನೋಡಿದ. ಅವ್ವನ ಕಡೆ ತಿರುಗಿದ.

"ನಾಳಿಂದ ಇಕಿ ಬಂದ ಮ್ಯಾಲ ದೀಪಾ ಹಚ್ಚು."