ಕಿವಿ ಮೇಸ್ತ್ರಿಯ ಜೋಡಿ ಎಂಜಿನ್

ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎಂಜಿನ್ನಿನ ಮುಚ್ಚಳ ತೆಗೆಯುವ ಗೋಜಿಗೇ ಹೋಗದೆ, ಕಣ್ಣು ಮುಚ್ಚಿ ನಿಂತು, ಸದ್ದು ಕೇಳಿಯೇ ರೋಗ ಹೇಳುವವನು. ಜೋಡಿ ಎಂಜಿನ್ನುಗಳನ್ನು ಹೊಂದಿಸುವುದರಲ್ಲಂತೂ ಅವನದು ಎತ್ತಿದ ಕೈ. "ಎರಡೂ ಒಂದೇ ಗಂಟಲಲ್ಲಿ ಹಾಡ್ಬೇಕು, ಜಗಳ ಆಡೋ ಗಂಡ ಹೆಂಡ್ತಿ ಥರ ಅಲ್ಲ" ಎಂದು ನಗಿಸುತ್ತಿದ್ದ. ಆ ಕಿವಿ ಕೈಕೊಟ್ಟು ಈಗ ವರ್ಷವಾಗುತ್ತ ಬಂದಿತ್ತು. ಈ ಗುಟ್ಟನ್ನು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಿದ್ದ, ಹಿಡಿಯಲಾಗದ್ದಕ್ಕೆ ತಲೆಯಾಡಿಸುತ್ತಿದ್ದ. ಕಿವಿಯೇ ಇಲ್ಲದ ಕಿವಿ ಮೇಸ್ತ್ರಿ ಯಾರಿಗೆ ಬೇಕು?

ತಂಗಿಯ ದೋಣಿಗೆ ಹಳೆಯವನ್ನು ಕಳಚಿ ಹೊಸ ಜೋಡಿ ಎಂಜಿನ್ ಕೂರಿಸಿದ್ದು ಅವನೇ. ದ್ವೀಪದ ರೋಗಿಗಳನ್ನು ಆಚೆ ದಡದ ಆಸ್ಪತ್ರೆಗೆ ಮುಟ್ಟಿಸುವ ದೋಣಿ ಅದು. ಹೊಸ ಎಂಜಿನ್ ಬಂದ ಮೇಲೆ ಹಾರಬೇಕಿತ್ತು. ಬದಲಿಗೆ ಎಂಜಿನ್ ಗಿರ್ರನೆ ತಿರುಗಿದರೂ ದೋಣಿ ಆಗಾಗ ತೆವಳತೊಡಗಿತು. ಎಂಜಿನ್ನಿನ ಬಲ ನೀರಿಗೆ ಮುಟ್ಟದೆ ಪ್ರೊಪೆಲರ್ ಜಾರುತ್ತಿತ್ತು. ಏದುಸಿರು ಬಿಡುವ ರೋಗಿಯನ್ನು ಮಲಗಿಸಿಕೊಂಡು ಬಂಡೆಗಳ ನಡುವೆ ಹೋಗುವಾಗ ಹೀಗಾದರೆ ಗತಿಯೇನು ಎಂದು ತಂಗಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಮೇಸ್ತ್ರಿ ಎಂದಿನಂತೆ ಕಣ್ಣು ಮುಚ್ಚಿ ನಿಂತು, "ಪ್ರೊಪೆಲರನ್ನ ದಂಡಕ್ಕೆ ಹಿಡಿದಿಡೋ ರಬ್ಬರ್ ಬುಶ್ ಸಡಿಲ ಆಗಿದೆ" ಎಂದುಬಿಟ್ಟ. ಬರೀ ಊಹೆ. ಬುಶ್ ಬದಲಾಯಿಸಿದ, ಜಾರುವುದು ನಿಲ್ಲಲಿಲ್ಲ. ಪ್ರೊಪೆಲರನ್ನೇ ಬದಲಾಯಿಸಿದ, ಆಗಲೂ ಇಲ್ಲ. ಕೊನೆಗೆ ಬುಶ್ಶಿನಿಂದ ಪ್ರೊಪೆಲರಿನವರೆಗೆ ಬಿಳಿ ಬಣ್ಣದ ಗೆರೆ ಎಳೆದು ಓಡಿಸಿದರು. ಬುಶ್ ಜಾರಿದ್ದರೆ ಗೆರೆ ತುಂಡಾಗಬೇಕಿತ್ತು. ಅದು ನೆಟ್ಟಗೇ ಇತ್ತು. ಅವನ ಊಹೆ ಸುಳ್ಳಾಗಿತ್ತು.

"ಅಣ್ಣ, ನೇರ ಹೋದ್ರೆ ಏನೂ ಇಲ್ಲ. ತಿರುಗಿಸಿದಾಗ ಮಾತ್ರ ಕಿರಿಚ್ಕೊಳ್ಳುತ್ತೆ. ಗಾಳಿ ಎಳ್ಕೊಳ್ತಿದೆ ಅನ್ಸುತ್ತೆ. ನಿಂಗೆ ಕೇಳಿಸ್ತಿಲ್ವಾ?" ಎಂದಳು ತಂಗಿ.

"ನಂಗೇ ಪಾಠ ಹೇಳ್ತೀಯಾ?" ಎಂದು ರೇಗಿದ. ರೇಗಿದ್ದು ಭಯಕ್ಕೆ.

ಅವಳು ಹೇಳಿದ್ದೇ ಸರಿ. ದೋಣಿಯ ಹಿಂಬದಿ ಹಲಗೆಯನ್ನು ಅವರ ಅಪ್ಪ ಕೈಯಾರೆ ಕೆತ್ತಿ ಕೂರಿಸಿದ್ದ. ಅದಕ್ಕೆ ಹೊಸ ತೂತು ಕೊರೆಯಲು ಮನಸ್ಸು ಬಾರದೆ ಮೇಸ್ತ್ರಿ ಹಳೆಯ ಬೋಲ್ಟಿನ ತೂತುಗಳಿಗೇ ಹೊಸ ಎಂಜಿನ್ನುಗಳನ್ನು ಬಿಗಿದಿದ್ದ. ಹಾಗಾಗಿ ಎಂಜಿನ್ನುಗಳು ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ಮೇಲೆ ಕೂತಿದ್ದವು. ತಿರುವಿನಲ್ಲಿ ದೋಣಿ ವಾಲಿದಾಗ ಪ್ರೊಪೆಲರಿಗೆ ನೀರಿನ ಬದಲು ಗಾಳಿ ಸಿಗುತ್ತಿತ್ತು. ಕಿವಿಯಿದ್ದಿದ್ದರೆ ಮೊದಲ ತಿರುವಿನಲ್ಲೇ ಹಿಡಿಯುತ್ತಿದ್ದ.

"ಇನ್ನೊಂದ್ಸಲ ಓಡ್ಸು, ಕೇಳ್ತೀನಿ" ಎಂದು ಮೇಸ್ತ್ರಿ ದೋಣಿಯ ಹಿಂದೆ ಹೋಗಿ ಕಣ್ಣು ಮುಚ್ಚಿದ. ಕಾಲಡಿಯ ಹಲಗೆ ಅದುರುವುದಷ್ಟೇ ಅವನಿಗೆ ಗೊತ್ತಾಗುತ್ತಿತ್ತು. ತಂಗಿ ತಿರುಗಿ ಅವನನ್ನೇ ನೋಡಿದಳು. ಆಮೇಲೆ ಸದ್ದಿಲ್ಲದೆ ಎಡಗಡೆಯ ಎಂಜಿನ್ನಿನ ಕೀಲಿ ತಿರುಗಿಸಿ ಆರಿಸಿದಳು.

ಅವನು ಗಂಭೀರವಾಗಿ ತಲೆದೂಗಿದ. "ಹ್ಞೂಂ. ಎರಡೂ ಒಂದೇ ಗಂಟಲು. ಎಂಜಿನ್ದೇನೂ ತಪ್ಪಿಲ್ಲ."

ಕಣ್ಣು ತೆರೆದಾಗ ದೋಣಿಯ ಹಿಂದೆ ನೊರೆ ಏಳುತ್ತಿದ್ದದ್ದು ಬಲಗಡೆ ಮಾತ್ರ. ತಂಗಿಯ ಕಣ್ಣಲ್ಲಿ ನೀರು.

"ಯಾವಾಗಿಂದ ಅಣ್ಣ?" ಎಂದು ಅವಳ ತುಟಿ ಕೇಳಿತು.

ಅವನು ತಲೆಯಾಡಿಸಲಿಲ್ಲ. ಸಾಮಾನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಇಷ್ಟು ವರ್ಷ ಕಟ್ಟಿದ ಹೆಸರು ಮಣ್ಣುಪಾಲಾಯಿತು ಎನಿಸಿತು. ಬದುಕೇ ಬೇಡವೆನಿಸಿತು.

"ನೀನು ಹೇಳಿದ್ದೇ ಸರಿ, ಗಾಳಿನೇ ಎಳ್ಕೊಳ್ತಿದೆ. ಹಲಗೆಗೆ ಹೊಸ ತೂತು ಕೊರೆದು ಎಂಜಿನ್ ಕೆಳಗಿಳಿಸ್ಬೇಕು. ಬೇರೆ ಮೇಸ್ತ್ರಿನ ಕರೆಸು" ಎಂದು ನೀರಿನ ಕಡೆ ತಿರುಗಿದ.

"ಬೇರೆಯವ್ರು ಬೇಡ, ನೀನೇ ಕೊರಿ ಅಣ್ಣ. ಸದ್ದು ನಾನು ಕೇಳ್ತೀನಿ" ಎಂದು ಅವನ ಬೆನ್ನ ಹಿಂದೆ ತಂಗಿ ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಅದನ್ನೇ ಇನ್ನೊಮ್ಮೆ, ಮತ್ತೊಮ್ಮೆ ಹೇಳಿದಳು.