ಮುನಿಯಲ್ಲಮ್ಮನ ಮೂವತ್ತು ದಿನ

ಗಂಗಾನಗರದ ನಮ್ಮ ವಠಾರದಲ್ಲಿ ಮುನಿಯಲ್ಲಮ್ಮ ನನ್ನ ಪಕ್ಕದ ಮನೆಯವಳು. ಬೆಳಗ್ಗೆ ಐದೂವರೆಗೆ ಹೊರಟು ನಾಲ್ಕು ಮನೆಗಳ ಬಾಗಿಲು ತೊಳೆದು ರಂಗೋಲಿ ಹಾಕುವುದು, ಆಮೇಲೆ ಅಲ್ಲೇ ಪಾತ್ರೆ ತಿಕ್ಕುವುದು ಅವಳ ಕೆಲಸ. ಅಕ್ಷರ ಕಲಿತದ್ದು ಐವತ್ತೆಂಟನೇ ವಯಸ್ಸಿನಲ್ಲಿ, ಮಹಿಳಾ ಸಂಘದ ಸಂಜೆ ತರಗತಿಯಲ್ಲಿ. ನಾನೂ ಅಲ್ಲೇ ಕಲಿತೆ.

2012ರಲ್ಲಿ ದಸರಾ ಮುಗಿದ ವಾರ, ಪಾಠ ಹೇಳುವ ಶಶಿರೇಖಾ ಮೇಡಂ ನಮಗೊಂದು ಪಂಥ ಒಡ್ಡಿದರು. ಮೂವತ್ತು ದಿನ, ದಿನಕ್ಕೊಂದು ಪುಟ, ಕಂಡದ್ದನ್ನು ಸ್ವಂತ ಮಾತಿನಲ್ಲಿ ಬರೆಯಬೇಕು. ಮುಗಿಸಿದವರ ಒಂದು ಬರಹ ಸಂಘದ ಪುಸ್ತಕದಲ್ಲಿ ಅಚ್ಚಾಗುತ್ತದೆ.

ಮುನಿಯಲ್ಲಮ್ಮ ಒಪ್ಪಿದ್ದು ಒಂದೇ ಕಾರಣಕ್ಕೆ. ಅವಳ ಮೊದಲ ಮಗು ಹೆಣ್ಣು. ಹನ್ನೊಂದು ತಿಂಗಳಿಗೆ ಜ್ವರ ಬಂದು ತೀರಿಕೊಂಡಿತು. ಫೋಟೊ ಇಲ್ಲ. ಗಂಡನೂ ಹೋದ ಮೇಲೆ ಆ ಮಗುವನ್ನು ಕಂಡವರೆಂದರೆ ಅವಳೊಬ್ಬಳೇ. ತಾನು ಹೋಗುವುದರೊಳಗೆ ಅದು ಪುಸ್ತಕ ಸೇರಬೇಕು ಎಂದಳು.

ಸೊಸೆ ರಾಧಾಮಣಿ ನಕ್ಕಳು. "ಅತ್ತೆ, ರೇಷನ್ ಅಂಗಡೀಲಿ ಸೈನ್ ಹಾಕೋಕೇ ಕಾಲು ಗಂಟೆ ತಗೋತೀರ. ಪುಸ್ತಕ ಬರೀತೀರಾ?"

"ನೀನು ಸಾರು ಮಾಡೋದ್ರೊಳಗೆ ಬರ್ದು ಮುಗಿಸ್ತೀನಿ, ಓಗೇ."

ನಾನು ಎಂಟನೇ ದಿನಕ್ಕೆ ಬಿಟ್ಟೆ. ಅವಳು ಬಿಡಲಿಲ್ಲ. ಕೆಲಸದಿಂದ ಬಂದವಳು ಊಟಕ್ಕೆ ಮುಂಚೆ ಮೆಟ್ಟಿಲ ಮೇಲೆ ಕೂತು ಸ್ಲೇಟಿನಲ್ಲಿ ಬರೆಯುತ್ತಿದ್ದಳು. ಆಮೇಲೆ ನೋಟ್‌ಬುಕ್ಕಿಗೆ ಇಳಿಸುತ್ತಾಳೆ ಎಂದು ನಾನು ತಿಳಿದಿದ್ದೆ.

ಮೂವತ್ತನೇ ದಿನ ಬರೆದು ಮುಗಿಸಿದವರೆಲ್ಲ ನೋಟ್‌ಬುಕ್ ತಂದರು. ಅವಳು ಸ್ಲೇಟು ತಂದಳು. ಅದರಲ್ಲಿ ಅವತ್ತಿನ ಒಂಬತ್ತು ಸಾಲು.

"ಮಿಕ್ಕಿದ್ದು ಎಲ್ಲಮ್ಮಾ?" ಎಂದರು ಮೇಡಂ.

"ದಿನಾ ಒರೆಸ್ದೆ ಮೇಡಂ. ಒಸ್ದು ಆಕ್ಬೇಕಂದ್ರೆ ಅಳೇದು ತೊಳೀಬೇಕಲ್ವಾ?"

ಹೆಂಗಸರೆಲ್ಲ ನಕ್ಕರು. "ಇದು ರಂಗೋಲಿ ಅಲ್ಲ ಕಣಕ್ಕಾ!" ಎಂದಳು ಹೊಲಿಗೆಯ ತಾಹೆರಾ.

ಮುನಿಯಲ್ಲಮ್ಮ ಸ್ಲೇಟನ್ನೇ ನೋಡುತ್ತಿದ್ದಳು. "ಮಗೂದೂ ಒರೆಸ್ಬಿಟ್ನಲ್ಲ," ಎಂದಳು.

ನಗು ನಿಂತಿತು. "ಬರ್ದಿದೀರಿ ಅಂತ ನಂಬ್ತೀನಿ," ಎಂದರು ಮೇಡಂ. "ಆದ್ರೆ ಪ್ರೆಸ್ಸಿಗೆ ಕಾಗದ ಬೇಕು ಮುನಿಯಲ್ಲಮ್ಮ. ಮಗೂದು ಇನ್ನೊಂದ್ಸಲ ಬರ್ಕೊಡಿ. ಭಾನುವಾರ ಕೊನೆ."

ಮೂರು ದಿನವಿತ್ತು. ಕಾಗದ ಕಂಡರೆ ಅವಳಿಗೆ ಅಂಜಿಕೆ, ತಪ್ಪಿದರೆ ಅಳಿಸಲಾಗುವುದಿಲ್ಲವೆಂದು. ಶುಕ್ರವಾರ ಒಂದು ಹಾಳೆ ಬರೆದು ನನಗೆ ಓದಿ ಹೇಳಿದಳು. ಜ್ವರ, ಬಾರದ ಬಸ್ಸು, ಮಣ್ಣು ಮಾಡಿದ ಜಾಗ. ಸ್ಲೇಟಿನಲ್ಲಿದ್ದದ್ದೂ ಅಷ್ಟೇ ಅಂತೆ. ಓದಿ ಮುಗಿಸಿ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇದ್ರಾಗೆ ಮಗೂನೇ ಇಲ್ವಲ್ಲೇ. ಬರೀ ಸತ್ತಿದ್ದು ಬರ್ದಿದೀನಿ."

ಶನಿವಾರ ಕೆಲಸಕ್ಕೆ ಹೋಗಲಿಲ್ಲ. ಮಗು ಅಂಬೆಗಾಲಿಡುವಾಗ ಒಂದು ಮೊಣಕಾಲನ್ನು ಎಳೆಯುತ್ತಿದ್ದುದು, ಬೆಲ್ಲ ಕೊಟ್ಟರೆ ಉಗುಳುತ್ತಿದ್ದುದು, ಕಿವಿಯ ತುದಿ ಮಡಚಿಕೊಂಡಿದ್ದುದು, ಎಲ್ಲ ಬರೆದಳು. ಜ್ವರಕ್ಕೆ ಒಂದು ಸಾಲು ಸಾಕಾಯಿತು. ತಪ್ಪಿದಲ್ಲಿ ಗೆರೆ ಎಳೆದು ಮುಂದಕ್ಕೆ ಹೋದಳು. ಹದಿನೇಳು ಗೆರೆಗಳಿದ್ದವು, ನಾನು ಎಣಿಸಿದೆ.

ಜನವರಿಯಲ್ಲಿ ಪುಸ್ತಕ ಬಂತು. ರಾಧಾಮಣಿ ಒಲೆಯ ಮುಂದೆ ನಿಂತೇ ಓದಿದಳು. ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು.

"ಅತ್ತೆ, ಮಡಚಿಕೊಂಡಿದ್ದು ಯಾವ ಕಿವಿ?"

"ಎಡಗಡೇದು. ಬರ್ದಿಲ್ವಾ?"

"ಇಲ್ಲ."

ಮುನಿಯಲ್ಲಮ್ಮ ಪೆನ್ನು ಕೇಳಿ ಇಸಿದುಕೊಂಡು, ಅಚ್ಚಾದ ಪುಟದಲ್ಲೇ 'ಕಿವಿ'ಯ ಹಿಂದೆ 'ಎಡ' ಎಂದು ಸೇರಿಸಿದಳು.